ನೀರು ಬಿಟ್ಟ ಗೆರೆ

ಉಬ್ಬರದ ನೀರು ಇಳಿದುಹೋದ ಮೇಲೆ ಮರಳ ದಂಡೆಯಲ್ಲಿ ಒಂದು ಗೆರೆ ಉಳಿದಿರುತ್ತದೆ. ಕಡಲು ಆ ಹೊತ್ತು ಎಲ್ಲಿಯವರೆಗೆ ಏರಿ ಬಂದಿತ್ತು ಎಂಬುದರ ಗುರುತು ಅದು. ಗಾಳಿಮರದ ಸೂಜಿಯೆಲೆ, ತೆಂಗಿನ ನಾರು, ಚಿಪ್ಪಿನ ಚೂರು, ಹೊಳೆ ತಂದುಹಾಕಿದ ಕಸಕಡ್ಡಿ, ಹರಿದ ಬಲೆಯ ತುಂಡು, ಈಗೀಗ ಬಾಟಲಿಯ ಮುಚ್ಚಳ, ಒಂಟಿ ಚಪ್ಪಲಿ ಎಲ್ಲವೂ ಸೇರಿ ಅಂಕುಡೊಂಕಾಗಿ ಸಾಗಿದ ಸಾಲು. ಮಳೆಗಾಲ ಕಳೆದ ಹೊಸದರಲ್ಲಿ ಘಟ್ಟದ ಕಾಡುಬಳ್ಳಿಗಳ ದಪ್ಪ ಬೀಜಗಳೂ ಅದರಲ್ಲಿ ಸಿಗುತ್ತವೆ. ಆಯುರ್ವೇದದವರು ಸಮುದ್ರಫೇನ ಎನ್ನುವ ಹಗುರವಾದ ಬಿಳಿ ಚಕ್ಕೆಯೂ ಸಿಗುತ್ತದೆ. ಹೆಸರು ಕೇಳಿದರೆ ನೊರೆಯೇ ಹೆಪ್ಪುಗಟ್ಟಿತೇನೋ ಅನ್ನಿಸಬೇಕು. ನಿಜದಲ್ಲಿ ಅದು ಬೊಂಡಾಸಿನ ಬಳಗದ ಪ್ರಾಣಿಯೊಂದರ ಮೈಯೊಳಗಿದ್ದ ಚಿಪ್ಪು. ಸಂಜೆ ಗಾಳಿಗೆಂದು ಬಂದವರು ಈ ಸಾಲನ್ನು ದಾಟಿ ನೇರ ನೀರಿನ ಕಡೆಗೆ ನಡೆಯುತ್ತಾರೆ. ನನ್ನನ್ನು ಮಾತ್ರ ಅಲೆಗಳಿಗಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳುವುದು ಈ ಸಾಲೇ.

ಹುಣ್ಣಿಮೆ ಕಳೆದ ವಾರದಲ್ಲಿ, ಕಡಲು ಶಾಂತವಾಗಿರುವ ಚಳಿಗಾಲದ ದಿನಗಳಲ್ಲಿ ಹೋಗಿ ನೋಡಿದರೆ ಗೆರೆ ಒಂದೇ ಇರುವುದಿಲ್ಲ. ಎಲ್ಲಕ್ಕಿಂತ ಮೇಲಿನದು ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರ ಬಿಟ್ಟದ್ದು. ಬಿಸಿಲಿಗೆ ಒಣಗಿ ಗರಿಗರಿಯಾಗಿರುತ್ತದೆ. ಮರುದಿನ ನೀರು ಅಷ್ಟು ಮೇಲಕ್ಕೆ ಬರಲಾರದು, ಸ್ವಲ್ಪ ಕೆಳಗೇ ತನ್ನ ಸಾಲನ್ನು ಬಿಟ್ಟು ಹಿಂದೆ ಸರಿಯುತ್ತದೆ. ಅದರ ಮರುದಿನ ಇನ್ನಷ್ಟು ಕೆಳಗೆ. ಅಷ್ಟಮಿಯ ಹೊತ್ತಿಗೆ ದಂಡೆಯ ಇಳಿಜಾರಿನಲ್ಲಿ ಒಂದರ ಕೆಳಗೊಂದು ಗೆರೆಗಳು ಇಳಿದು ಬಂದಿರುತ್ತವೆ. ಕೆಳಗಿನದು ಇನ್ನೂ ಹಸಿ, ಅದರ ಎಲೆಗಳ ಅಡಿಯಲ್ಲಿ ಮರಳುಚಿಗಟಗಳು ಕುಪ್ಪಳಿಸುತ್ತಿರುತ್ತವೆ. ಆಮೇಲೆ ನೀರು ಮತ್ತೆ ದಿನಕ್ಕಿಷ್ಟು ಮೇಲೇರತೊಡಗುತ್ತದೆ. ಏರುತ್ತ ಏರುತ್ತ ತಾನೇ ಬಿಟ್ಟ ಗೆರೆಗಳನ್ನು ಕೆಳಗಿನಿಂದ ಒಂದೊಂದಾಗಿ ಎತ್ತಿಕೊಂಡು ಹೋಗುತ್ತದೆ. ಅಮಾವಾಸ್ಯೆ ಬಂತೆಂದರೆ ಎಲ್ಲವೂ ಸೇರಿ ಮೇಲೆ ಮತ್ತೆ ಒಂದೇ ಗೆರೆ. ಒಂದು ಪಕ್ಷದ ಅಷ್ಟೂ ತಿಥಿಗಳು ಮರಳಿನ ಮೇಲೆ ಮೂಡಿ ಮಾಯವಾಗುವುದು ಹೀಗೆ. ಆಷಾಢದ ಕಡಲಿನಲ್ಲಿ ಇದನ್ನು ಹುಡುಕಬಾರದು. ಆಗ ಅಲೆಯ ಹೊಡೆತಕ್ಕೆ ದಂಡೆಯೇ ಕೊಚ್ಚಿಹೋಗುತ್ತಿರುತ್ತದೆ.

ಕಾರಣ ಶಾಲೆಯಲ್ಲಿ ಓದಿದ್ದೇ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬಂದಾಗ ಎರಡರ ಸೆಳೆತವೂ ಕೂಡಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯಂದು ಚಂದ್ರ ಒಂದು ಕಡೆ ಎಳೆದರೆ ಸೂರ್ಯ ಅಡ್ಡಕ್ಕೆ ಎಳೆಯುತ್ತಾನೆ, ಏರಿಳಿತ ತಗ್ಗುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರನೂ ನಡೆಯುತ್ತಿರುವುದರಿಂದ ಇಂದಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. 24 ನಿಮಿಷಕ್ಕೆ ಒಂದು ಗಳಿಗೆ ಎಂಬ ನಮ್ಮ ಹಳೆಯ ಎಣಿಕೆಯಲ್ಲಿ ಹೇಳಿದರೆ ದಿನಕ್ಕೆ ಎರಡು ಗಳಿಗೆಗೆ ತುಸು ಮಿಕ್ಕು. ತಿಥಿ ಗೊತ್ತಿದ್ದವರಿಗೆ ನೀರಿನ ಹೊತ್ತು ಬೆರಳೆಣಿಕೆಯಲ್ಲೇ ಗೊತ್ತಾಗುತ್ತದೆ. ಏರಿಳಿತದ ಅಳತೆ ಮಾತ್ರ ಊರಿಂದೂರಿಗೆ ಬೇರೆ. ಕಾರವಾರದ ಕಡೆ ದೊಡ್ಡ ಉಬ್ಬರದ ದಿನವೂ ಅದು ಸುಮಾರು 2 ಮೀಟರ್. ಅದೇ ಪಶ್ಚಿಮ ಕರಾವಳಿಯಲ್ಲಿ ಬಡಗಣಕ್ಕೆ ಹೋಗಿ ಖಂಭಾತ್ ಕೊಲ್ಲಿಯನ್ನು ಮುಟ್ಟಿದರೆ 10 ಮೀಟರ್ ದಾಟುತ್ತದೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ 16 ಮೀಟರ್‌ವರೆಗೂ ಹೋಗುತ್ತದೆ.

ಅಘನಾಶಿನಿಯ ಅಳಿವೆಯಲ್ಲಿ ಈ ಗೆರೆ ನಿಂತ ಹಾಗೆಯೇ ಕಾಣುತ್ತದೆ. ಉಪ್ಪುನೀರಿನಲ್ಲಿ ಬೆಳೆಯುವ ಅಲ್ಲಿನ ಕಾಂಡ್ಲಾ ಗಿಡಗಳ ಬುಡ ಒಂದು ಮಟ್ಟದವರೆಗೆ ಕೆಸರು ಮೆತ್ತಿಕೊಂಡು ಬೂದುಬಣ್ಣಕ್ಕೆ ತಿರುಗಿರುತ್ತದೆ, ಅದರ ಮೇಲೆ ಎಲೆ ಹಸಿರು. ಎಷ್ಟು ಗಿಡಗಳಿದ್ದರೂ ಎಲ್ಲದರಲ್ಲೂ ಆ ಮಟ್ಟ ಒಂದೇ. ನೀರಿಗಿಂತ ನೇರವಾಗಿ ಗೆರೆ ಎಳೆಯಬಲ್ಲವರು ಇನ್ನಾರು? ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗಿಳಿದು ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಾರೆ. ನೀರು ಯಾವಾಗ ಹಿಂತಿರುಗುತ್ತದೆಂದು ಅವರು ಗಡಿಯಾರ ನೋಡಿ ತಿಳಿಯಬೇಕಾಗಿಲ್ಲ. ದಡದ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ದಿನಗಟ್ಟಲೆ ಮುಳುಗಿದ್ದರೂ ಕೊಳೆಯುವುದಿಲ್ಲ. ಕೊಯ್ಲಿನಲ್ಲಿ ತೆನೆಯಷ್ಟನ್ನೇ ಕೊಯ್ದು ಹುಲ್ಲನ್ನು ನೀರಿಗೇ ಬಿಡುತ್ತಾರೆ. ಆಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಅಣೆಕಟ್ಟಿಲ್ಲದೆ ಕಡಲು ಸೇರುವ ಈ ಹೊಳೆಯ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ನೀರಿನ ಮಟ್ಟದ ಮೇಲೆ ಕಣ್ಣಿಟ್ಟು ಬಾಳಿದ ಜನ ಅಲ್ಲಿಲ್ಲದಿದ್ದರೆ ಸೇರಿಸುವಷ್ಟು ಉಳಿದಿರುತ್ತಿತ್ತೋ ಇಲ್ಲವೋ.

ದಂಡೆಗೆ ಮರಳೋಣ. ಮೇಲಿನ ಗೆರೆಯನ್ನು ಬಿಟ್ಟು ಇಳಿತದ ಕಡೆಗೆ ನಡೆದರೆ ಒದ್ದೆ ಮರಳಿನ ಮೇಲೆ ಇನ್ನೊಂದು ಬಗೆಯ ಗುರುತು. ನೀರು ಹಿಂದೆ ಸರಿದ ನೆಲವೆಲ್ಲ ನಿರಿಗೆ ನಿರಿಗೆ. ಬರಿಗಾಲಿಗೆ ಗಟ್ಟಿಯಾಗಿ ಒತ್ತುತ್ತದೆ. ಕೂತು ನೋಡಿದರೆ ಒಂದೊಂದು ಏಣೂ ಕವಲೊಡೆದು ಪಕ್ಕದ್ದನ್ನು ಕೂಡಿಕೊಂಡಿರುವುದು ಕಾಣುತ್ತದೆ. ತಗ್ಗುಗಳಲ್ಲಿ ಕಪ್ಪು ಬಣ್ಣದ ಭಾರದ ಮರಳು ಕೂತಿರುತ್ತದೆ, ಏಣಿನ ಮೇಲೆ ತಿಳಿಬಣ್ಣದ ಹಗುರ ಮರಳು. ಅದರ ನಡುವೆಯೇ ಸಣ್ಣ ಏಡಿಗಳ ಬಿಲ. ನೀರು ಸರಿದ ಕೆಲವೇ ನಿಮಿಷಗಳಲ್ಲಿ ಏಡಿ ಹೊರಬಂದು ಮರಳನ್ನು ಬಾಯಿಗೆ ತುಂಬಿಕೊಳ್ಳುತ್ತದೆ, ತಿನ್ನುವ ಅಂಶವನ್ನು ಸೋಸಿಕೊಂಡು ಮಿಕ್ಕಿದ್ದನ್ನು ಮೆಣಸುಕಾಳಿನಷ್ಟು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಬಿಲದ ಬಾಯಿಂದ ಹೊರಟು ಒಂದು ನೇರದಲ್ಲಿ ತಿನ್ನುತ್ತ ಹೋಗಿ ಮರಳುತ್ತದೆ, ಮತ್ತೆ ಬೇರೊಂದು ನೇರ. ಗಂಟೆ ಕಳೆಯುವುದರೊಳಗೆ ಬಿಲದ ಸುತ್ತ ಉಂಡೆಗಳ ಕಿರಣಗಳು ಹರಡಿ ನಿಲ್ಲುತ್ತವೆ. ಯಾರೂ ಹೇಳಿಕೊಡದ ರಂಗವಲ್ಲಿ. ಉಬ್ಬರ ಬಂದಾಗ ಏಡಿ ಒಳಗೆ ಸೇರಿ ಬಿಲದ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಎಲ್ಲವನ್ನೂ ಸಮ ಮಾಡುತ್ತದೆ. ಮುಂದಿನ ಇಳಿತಕ್ಕೆ ಮತ್ತೆ ಮೊದಲಿನಿಂದ.

ಮರಳಿನ ನಿರಿಗೆ ಹೇಗೆ ಹುಟ್ಟುತ್ತದೆ ಎಂಬುದು ನೋಡಲು ಸಣ್ಣ ಪ್ರಶ್ನೆ. ಅದಕ್ಕೆ ತಲೆ ಕೊಟ್ಟವರು ಸಣ್ಣವರಲ್ಲ. ಚಾರ್ಲ್ಸ್ ಡಾರ್ವಿನ್ನನ ಮಗ ಜಾರ್ಜ್ ಡಾರ್ವಿನ್ 1883ರಲ್ಲಿ ಇದರ ಬಗ್ಗೆ ಬರೆದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹರ್ಥಾ ಏರ್ಟನ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಮಾರ್ಗೇಟ್ ಎಂಬ ಕಡಲೂರಿನ ಮರಳಿನಲ್ಲಿ ಈ ನಿರಿಗೆಗಳನ್ನು ಕಂಡು, ಮನೆಯಲ್ಲಿ ಗಾಜಿನ ತೊಟ್ಟಿಗೆ ಮರಳು, ನೀರು ಹಾಕಿ ಅಲುಗಿಸುತ್ತ ವರ್ಷಗಳನ್ನು ಕಳೆದಳು. ಮರಳಿನಲ್ಲಿ ಎಲ್ಲೋ ಒಂದು ಚಿಕ್ಕ ಉಬ್ಬು ಇದ್ದರೆ ಸಾಕು. ನೀರು ಅದರ ಮೇಲೆ ಹಾದುಹೋಗುವಾಗ ಉಬ್ಬಿನ ಮರೆಯಲ್ಲಿ ಒಂದು ಕಿರುಸುಳಿ ಏಳುತ್ತದೆ, ಆ ಸುಳಿ ತಗ್ಗಿನ ಮರಳನ್ನು ಕೆದಕಿ ಉಬ್ಬಿನ ಕಡೆಗೇ ತಳ್ಳುತ್ತದೆ, ಉಬ್ಬು ಬೆಳೆಯುತ್ತದೆ, ಅದರಾಚೆ ಇನ್ನೊಂದು ಹುಟ್ಟುತ್ತದೆ. ಇದನ್ನು ಆಕೆ ತೋರಿಸಿಕೊಟ್ಟಳು. 1902ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಆಕೆಯ ಹೆಸರು ಬಂದಾಗ, ಮದುವೆಯಾದ ಹೆಣ್ಣು ಎಂಬ ಕಾರಣಕ್ಕೆ ಅದನ್ನು ಒಪ್ಪಿರಲಿಲ್ಲ. 1904ರಲ್ಲಿ ಅದೇ ಸಂಸ್ಥೆಯಲ್ಲಿ ನಿಂತು ಮರಳಿನ ನಿರಿಗೆಗಳ ಕುರಿತ ತನ್ನ ಪ್ರಬಂಧವನ್ನು ತಾನೇ ಓದಿದಳು; ಅಲ್ಲಿ ಹಾಗೆ ಓದಿದ ಮೊದಲ ಹೆಣ್ಣು ಆಕೆ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಕಂದಕಗಳಿಂದ ವಿಷಗಾಳಿಯನ್ನು ಬೀಸಿ ಓಡಿಸಲು ಆಕೆ ರೂಪಿಸಿದ ಕೈಬೀಸಣಿಗೆ ಇದೇ ಸುಳಿಗಳ ಅಧ್ಯಯನದಿಂದ ಹುಟ್ಟಿದ್ದು. ಕಾಲಡಿಯ ಮರಳನ್ನು ಅಷ್ಟು ಗೌರವದಿಂದ ನೋಡಿದವರು ಕಡಿಮೆ, ಆಕೆಯ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು.

ಮರಳಿನ ಗುರುತು ಆರು ಗಂಟೆಯ ಬಾಳಿನದು. ಅದಕ್ಕಿಂತ ಬೇಗ ಅಳಿಯುವ ಬರಹ ನಮಗೆ ಗೊತ್ತಿರುವುದರಲ್ಲಿ ಅಪರೂಪ. ನಮ್ಮ ಹೆಸರನ್ನು ನಾವು ಮರಳಲ್ಲಿ ಬರೆದು ಅಲೆಗೆ ಒಪ್ಪಿಸುವುದೂ ಅದು ಉಳಿಯುವುದಿಲ್ಲ ಎಂಬ ಧೈರ್ಯದಿಂದಲೇ. ಹಾಗಿದ್ದರೂ ಭೂಮಿಯ ಮೇಲೆ ನೂರಾರು ಕೋಟಿ ವರ್ಷ ಉಳಿದುಬಂದ ಗುರುತುಗಳಲ್ಲಿ ಈ ನಿರಿಗೆಗಳು ಸೇರಿವೆ. ನನಗೆ ಮೈ ಜುಮ್ಮೆನ್ನುವುದು ಇಲ್ಲಿ.

ಉಳಿಯುವ ಬಗೆ ಹೀಗೆ. ಇಳಿತಕ್ಕೂ ಉಬ್ಬರಕ್ಕೂ ನಡುವೆ ನೀರು ಒಂದಿಷ್ಟು ಹೊತ್ತು ಅಲುಗದೆ ನಿಲ್ಲುತ್ತದೆ. ಆಗ ನೀರಿನಲ್ಲಿ ತೇಲುತ್ತಿದ್ದ ನಯವಾದ ಕೆಸರು ಮೆಲ್ಲನೆ ಕೆಳಗಿಳಿದು ಮರಳಿನ ಮೇಲೆ ತೆಳುಪೊರೆಯಾಗಿ ಕೂರುತ್ತದೆ. ಮುಂದಿನ ಉಬ್ಬರ ಸಾಮಾನ್ಯವಾಗಿ ಅದನ್ನು ಕಿತ್ತುಹಾಕುತ್ತದೆ. ಎಲ್ಲೋ ಅಪರೂಪಕ್ಕೆ, ಗಾಳಿ ತಣ್ಣಗಿದ್ದು, ನೀರಿನಲ್ಲಿ ಹೊಸ ಮರಳು ಹೇರಳವಾಗಿದ್ದು, ನೆಲವೂ ನಿಧಾನವಾಗಿ ಕುಸಿಯುತ್ತಿದ್ದರೆ, ಬರುವ ನೀರು ಅಳಿಸುವ ಬದಲು ಮುಚ್ಚಿಬಿಡುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು. ಯುಗಗಳ ಒತ್ತಡಕ್ಕೆ ಮರಳಿನ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಕಲ್ಲಾಗುತ್ತವೆ. ಮುಂದೆಂದೋ ಆ ಬೆಟ್ಟ ಬಿರಿದಾಗ ಕೆಸರಿನ ಪೊರೆ ಇದ್ದ ಕಡೆಯೇ ಪದರ ಬಿಟ್ಟುಕೊಂಡು, ಆ ಒಂದು ಇಳಿತದ ನೆಲ ಇದ್ದ ಹಾಗೆಯೇ ಬೆಳಕಿಗೆ ಬರುತ್ತದೆ. ಗುರುತು ಗಟ್ಟಿಯಾಗಿದ್ದುದರಿಂದ ಬದುಕಿಕೊಂಡದ್ದಲ್ಲ. ಅಳಿಸಲು ಬಂದ ನೀರೇ ಆ ದಿನ ಅದನ್ನು ಹೊದಿಸಿಹೋಯಿತು.

ದಕ್ಷಿಣ ಆಸ್ಟ್ರೇಲಿಯಾದ ಫ್ಲಿಂಡರ್ಸ್ ಬೆಟ್ಟಸಾಲಿನಲ್ಲಿ ಎಲಟಿನಾ ಎಂಬ ಶಿಲಾಸ್ತರವಿದೆ, 60 ಕೋಟಿ ವರ್ಷಗಳಿಗೂ ಹಿಂದಿನದು. ಅದರಲ್ಲಿ ಕೂದಲೆಳೆಯಿಂದ ಕೆಲವು ಮಿಲಿಮೀಟರ್ ದಪ್ಪದವರೆಗಿನ ಪದರಗಳು ಸಾಲುಗಟ್ಟಿವೆ. ದಪ್ಪವಾಗುತ್ತ ಹೋಗಿ ಮತ್ತೆ ತೆಳುವಾಗುತ್ತವೆ, ಮತ್ತೆ ದಪ್ಪ. ಜಾರ್ಜ್ ವಿಲಿಯಮ್ಸ್ ಎಂಬ ಭೂವಿಜ್ಞಾನಿ ಇವನ್ನು ಮೊದಲು ವರ್ಷಕ್ಕೊಂದರಂತೆ ಕೂತ ಪದರಗಳೆಂದೂ, ಏರಿಳಿತ ಸೂರ್ಯನ ಕಲೆಗಳ ಚಕ್ರವೆಂದೂ ಓದಿದ್ದ. 1980ರ ದಶಕದ ಕೊನೆಯಲ್ಲಿ ಆ ಓದನ್ನು ತಾನೇ ಕೈಬಿಟ್ಟ. ಪದರಗಳನ್ನು ಕೂರಿಸಿದ್ದು ಉಬ್ಬರವಿಳಿತ. ದಪ್ಪವಾದದ್ದು ಹುಣ್ಣಿಮೆ, ಅಮಾವಾಸ್ಯೆಗಳ ದೊಡ್ಡ ನೀರಿನದು, ತೆಳುವಾದದ್ದು ಅಷ್ಟಮಿಯ ಸಣ್ಣ ನೀರಿನದು. ಸುಮಾರು 60 ವರ್ಷಗಳ ಉಬ್ಬರ ಅಲ್ಲಿ ಎಡೆಬಿಡದೆ ದಾಖಲಾಗಿದೆ. ಅದನ್ನು ಎಣಿಸಿದಾಗ ಸಿಕ್ಕ ಲೆಕ್ಕ ಇದು: ಆ ಕಾಲದ ಒಂದು ವರ್ಷದಲ್ಲಿ ಸುಮಾರು 400 ದಿನ, ಒಂದು ದಿನಕ್ಕೆ ಸುಮಾರು 22 ಗಂಟೆ, ವರ್ಷಕ್ಕೆ 13 ಹುಣ್ಣಿಮೆಗೆ ಒಂದಿಷ್ಟು ಮಿಕ್ಕು.

ಈಗ ನಮ್ಮ ವರ್ಷದಲ್ಲಿ 12 ಚಾಂದ್ರಮಾಸ ಕಳೆದು ಸುಮಾರು 11 ದಿನ ಮಿಗುತ್ತವೆ. ಅವನ್ನು ಕೂಡಿಸಿ ಕೂಡಿಸಿ ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಮಾಡುತ್ತೇವೆ. ಎಲಟಿನಾದ ಕಡಲಿನ ಬಳಿ ಪಂಚಾಂಗ ಬರೆಯುವವರು ಇದ್ದಿದ್ದರೆ ವರ್ಷಕ್ಕೆ ಹದಿಮೂರು ತಿಂಗಳು ನೆಟ್ಟಗೆ ಹೊಂದಿಕೊಳ್ಳುತ್ತಿದ್ದವು, ಅಧಿಕಮಾಸದ ಚಿಂತೆ ಹೆಚ್ಚು ಕಡಿಮೆ ಇರುತ್ತಲೇ ಇರಲಿಲ್ಲ. ಆಗ ಮನುಷ್ಯರಿರಲಿ, ನೆಲದ ಮೇಲೆ ಹುಲ್ಲೂ ಇರಲಿಲ್ಲ. ನೀರು, ಮರಳು, ಚಂದ್ರ ಇಷ್ಟೇ. ತಿಥಿ ತಪ್ಪದೆ ನಡೆಯಿತು, ದಾಖಲೆಯೂ ಆಯಿತು.

ದಿನ ಉದ್ದವಾದದ್ದು ಯಾಕೆ ಎಂದರೆ ಉಬ್ಬರದಿಂದಲೇ. ತಿರುಗುವ ಭೂಮಿಗೆ ಕಡಲ ನೀರಿನ ತಿಕ್ಕಾಟ ತಡೆಯೊಡ್ಡುತ್ತದೆ. ಭೂಮಿ ಕಳೆದುಕೊಂಡ ಸುತ್ತಾಟ ಚಂದ್ರನಿಗೆ ಸೇರಿ, ಅವನು ಸ್ವಲ್ಪ ಸ್ವಲ್ಪವೇ ದೂರ ಹೋಗುತ್ತಿದ್ದಾನೆ. ಇದರ ಗಣಿತವನ್ನು ಮೊದಲು ಗಟ್ಟಿಯಾಗಿ ಹಾಕಿದವನು ಮತ್ತದೇ ಜಾರ್ಜ್ ಡಾರ್ವಿನ್. ಮರಳಿನ ನಿರಿಗೆಯೂ ಚಂದ್ರನ ದೂರವೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ ಇದ್ದವು ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ನೆಲದಲ್ಲಿ ಇಟ್ಟುಬಂದ ಕನ್ನಡಿಗೆ ಲೇಸರ್ ಕಿರಣ ಹಾಯಿಸಿ, ಹೋಗಿ ಬರುವ ಸಮಯವನ್ನು ಅಳೆದಾಗ ಅಂಕಿ ಖಚಿತವಾಯಿತು: ವರ್ಷಕ್ಕೆ 3.8 ಸೆಂಟಿಮೀಟರ್. ನಮ್ಮ ಚಂದ್ರಯಾನ-3ರ ವಿಕ್ರಮ್ ಮೇಲೂ ಅಂಥದೇ ಪುಟ್ಟ ಕನ್ನಡಿಗಳ ಗುಚ್ಛವೊಂದು 2023ರಿಂದ ಅಲ್ಲಿ ಕುಳಿತಿದೆ.

ಇಲ್ಲೊಂದು ತೊಡಕು ಬಂತು. ಕಡಲ ತಿಕ್ಕಾಟದ ಬಲ ಯಾವಾಗಲೂ ಈಗಿನಂತೆಯೇ ಇತ್ತೆಂದು ಹಿಡಿದು ಹಿಂದಕ್ಕೆ ಎಣಿಸಿದರೆ ಸುಮಾರು 150 ಕೋಟಿ ವರ್ಷಗಳ ಹಿಂದೆ ಚಂದ್ರ ಭೂಮಿಗೆ ತಾಗಿಕೊಂಡೇ ಇರಬೇಕಾಗುತ್ತದೆ. ಚಂದ್ರನ ವಯಸ್ಸೋ 450 ಕೋಟಿ ವರ್ಷದ ಹತ್ತಿರ. ಲೆಕ್ಕ ಎಲ್ಲೋ ತಪ್ಪಿದೆ ಎಂದಾಯಿತು. ಎಲ್ಲಿ ತಪ್ಪಿದೆ ಎಂಬುದನ್ನು ತೋರಿಸುವುದರಲ್ಲಿ ಹಳೆಯ ಮರಳಿನ ಪಾಲೂ ಇದೆ. ಎಲಟಿನಾದ ಪದರಗಳ ಪ್ರಕಾರ ಅಂದಿನಿಂದ ಇಂದಿನವರೆಗೆ ಚಂದ್ರ ದೂರ ಸರಿದ ಸರಾಸರಿ ವೇಗ ಈಗಿನದಕ್ಕಿಂತ ಬಹಳ ಕಡಿಮೆ. ಖಂಡಗಳು ಸರಿದಾಡಿದಂತೆಲ್ಲ ಕಡಲುಗಳ ಆಕಾರ ಬದಲಾಗಿದೆ, ತಿಕ್ಕಾಟವೂ ಬದಲಾಗಿದೆ. ಈಗಿನ ಕಡಲುಗಳ ಆಕಾರವೇ ತಿಕ್ಕಾಟವನ್ನು ಹೆಚ್ಚಿಸುವಂಥದ್ದು. ದಕ್ಷಿಣ ಆಫ್ರಿಕಾದ ಬಾರ್ಬರ್ಟನ್ ಬೆಟ್ಟಗಳಲ್ಲಿ 320 ಕೋಟಿ ವರ್ಷ ಹಳೆಯ ಮರಳುಗಲ್ಲಿನಲ್ಲೂ ಉಬ್ಬರವಿಳಿತದ ಪದರಗಳು ಸಿಕ್ಕಿವೆ. ಚಂದ್ರ ಆಗಲೂ ಇದ್ದ, ತನ್ನ ಕೆಲಸ ಮಾಡುತ್ತಿದ್ದ. ಅದಕ್ಕೆ ಸಾಕ್ಷಿ ಹೇಳಲು ಒಂದು ಹಿಡಿ ಮರಳು ಉಳಿದುಕೊಂಡಿತು.

ಕಾಲ ಅಷ್ಟು ಹಿಂದಕ್ಕೆ ಹೋದಾಗ ಮನಸ್ಸಿಗೆ ಹಿಡಿತ ಸಿಗುವುದಿಲ್ಲ. ಆದ್ದರಿಂದ ಮನುಷ್ಯರ ಹೆಜ್ಜೆಯ ಒಂದು ಪ್ರಸಂಗ. ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯ ಹೇಸ್‌ಬರೊ ಎಂಬ ಹಳ್ಳಿಯ ದಂಡೆಯಲ್ಲಿ 2013ರ ಮೇ ತಿಂಗಳಲ್ಲಿ ಬಿರುಸಾದ ಅಲೆಗಳು ಮೇಲಿನ ಮರಳನ್ನು ಹೊತ್ತೊಯ್ದವು. ಕೆಳಗಿನ ಗಟ್ಟಿಕೆಸರಿನಲ್ಲಿ ಹೆಜ್ಜೆಗಳು ಕಂಡವು, ಐವತ್ತರಷ್ಟು. ದೊಡ್ಡವರದೂ ಇದ್ದವು, ಮಕ್ಕಳದೂ ಇದ್ದವು. 8 ಲಕ್ಷ ವರ್ಷಗಳಿಗೂ ಹಿಂದೆ ಒಂದು ನದಿಯ ಅಳಿವೆಯಲ್ಲಿ, ಇಳಿತದ ಕೆಸರಿನ ಮೇಲೆ ಒಂದು ಗುಂಪು ನಡೆದುಹೋಗಿತ್ತು. ಆಫ್ರಿಕಾದ ಹೊರಗೆ ಅಷ್ಟು ಹಳೆಯ ಹೆಜ್ಜೆ ಅದುವರೆಗೆ ಸಿಕ್ಕಿರಲಿಲ್ಲ. ವಿಜ್ಞಾನಿಗಳು ಮಳೆ, ಗಾಳಿ, ಏರುವ ನೀರು ಇವುಗಳ ನಡುವೆಯೇ ಓಡೋಡಿ ಬಂದು ಎಲ್ಲ ಕೋನಗಳಿಂದ ಚಿತ್ರ ತೆಗೆದರು. ಎರಡು ವಾರ ಕಳೆಯುವುದರೊಳಗೆ ಉಬ್ಬರ ಅವನ್ನು ತೊಳೆದುಹಾಕಿತ್ತು. ಹೆಜ್ಜೆಗಳನ್ನು ಹೊದಿಸಿಟ್ಟದ್ದೂ ನೀರು, ತೆರೆದು ತೋರಿಸಿದ್ದೂ ನೀರು, ಒರೆಸಿಹಾಕಿದ್ದೂ ನೀರು. ನಡುವೆ ಮನುಷ್ಯರಿಗೆ ಸಿಕ್ಕಿದ್ದು ಅಷ್ಟು ದಿನ. ಆ ಹೆಜ್ಜೆಗಳೆಲ್ಲ ಒಂದೇ ದಿಕ್ಕಿಗೆ ಸಾಗಿರಲಿಲ್ಲ, ಕೆಸರಿನಲ್ಲಿ ಅತ್ತಿತ್ತ ತಿರುಗಿದ್ದವು ಎಂದು ಓದಿದಾಗ, ನಮ್ಮ ದಂಡೆಗಳಲ್ಲಿ ಅಪ್ಪ ಅಮ್ಮ ಕರೆದರೂ ಬಾರದೆ ನೀರಂಚಿನಲ್ಲಿ ಸುತ್ತುವ ಮಕ್ಕಳು ನೆನಪಾದರು.

ಕನ್ನಡ ನಾಡಿನ ಹಳೆಯ ಕಡಲಂಚು ಕರಾವಳಿಯಲ್ಲಿಲ್ಲ. ಅದನ್ನು ನೋಡಬೇಕಾದರೆ ಘಟ್ಟ ಹತ್ತಿ ಬೆಳಗಾವಿ, ಬಾಗಲಕೋಟೆ ಸೀಮೆಗೆ ಹೋಗಬೇಕು. ಅಲ್ಲಿನ ಶಿಲಾಸ್ತೋಮಕ್ಕೆ ಕಲಾದಗಿಯ ಹೆಸರನ್ನು ಕೊಟ್ಟವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1876ರಲ್ಲಿ. ಅದರ ಕೆಳಗಿನ ಸ್ತರಗಳಲ್ಲಿ ಸವದತ್ತಿಯ ಹೆಸರಿನದೇ ಒಂದು ಗಟ್ಟಿ ಕಲ್ಲಿದೆ, ಸವದತ್ತಿ ಕ್ವಾರ್ಟ್ಜೈಟ್. ನೂರು ಕೋಟಿ ವರ್ಷ, ಅದಕ್ಕಿಂತಲೂ ಹಿಂದೆ, ಆಳವಿಲ್ಲದ ಕಡಲ ಅಂಚಿನಲ್ಲಿ ಹರಡಿದ್ದ ಮರಳೇ ಆ ಕಲ್ಲು. ಇಂದಿನ ಕಡಲು ಅಲ್ಲಿಂದ ನೂರು ಕಿಲೋಮೀಟರಿಗೂ ಆಚೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಲಕ್ಷಾಂತರ ಭಕ್ತರಲ್ಲಿ ಕಡಲನ್ನೇ ಕಾಣದವರು ಬಹಳ ಮಂದಿ ಇದ್ದಾರು. ಆ ಸುತ್ತಿನ ಬಂಡೆಗಳ ಮೇಲೆ ಮಾತ್ರ ಕಡಲ ಅಂಚಿನ ನಿರಿಗೆಗಳು ಈಗಲೂ ಇವೆ. ನಡುಹಗಲಿನಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ಬೆಳಗ್ಗೆ ಇಲ್ಲವೇ ಇಳಿಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬಿದ್ದಾಗ ಏಣುಗಳ ನೆರಳು ಏಳುತ್ತದೆ. ಏಣಿನ ಎರಡೂ ಪಕ್ಕ ಸಮನಾಗಿ ಇಳಿದಿದ್ದರೆ ಅಲ್ಲಿ ಅಲೆಗಳು ಹಿಂದೆ ಮುಂದೆ ತೂಗುತ್ತಿದ್ದವು. ಒಂದು ಪಕ್ಕ ಕಡಿದಾಗಿದ್ದರೆ ನೀರು ಆ ಪಕ್ಕದ ಕಡೆಗೆ ಹರಿಯುತ್ತಿತ್ತು. ಏಣಿನ ತಲೆ ಚಪ್ಪಟೆಯಾಗಿದ್ದರೆ ನೀರು ಇಳಿದು ಇಳಿದು ಪಾದ ನೆನೆಯುವಷ್ಟಾಗಿತ್ತು.

ಆ ಸೀಮೆಯ ಕಲ್ಲು ಕಟ್ಟಡಕ್ಕೂ ಹೋಗುತ್ತದೆ, ರಸ್ತೆಗೂ ಹೋಗುತ್ತದೆ. ಹೋಗಲಿ, ಜನ ಬದುಕಬೇಕು. ಒಡೆಯುವಾಗ ನಿರಿಗೆ ಮೂಡಿದ ಒಂದು ಚಪ್ಪಡಿಯನ್ನು ಎತ್ತಿ ಪಕ್ಕಕ್ಕಿಟ್ಟು, ಊರ ಶಾಲೆಯ ಅಂಗಳಕ್ಕೆ ತಂದು ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಅದರ ಏಣುಗಳ ಮೇಲೆ ಕೈಯಾಡಿಸಿ, ಯಾವ ಪಕ್ಕ ಕಡಿದಾಗಿದೆ ಎಂದು ನೋಡಿ, ಆ ದಿನ ನೀರು ಯಾವ ಕಡೆಗೆ ಹರಿದಿತ್ತೆಂದು ಮೇಷ್ಟ್ರಿಗೆ ತಾವೇ ಹೇಳಲಿ.